ಸೈಟೋಕ್ರೋಮ್ ಸಿ ಆಕ್ಸಿಡೇಸ್: ಕ್ಷಣಿಕ ಮಧ್ಯಸ್ಥಿತಿಗಳ ಶೋಧ

ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಕೊನೆಗೆ ಹೋಗಿ ಸೇರುವುದು ಒಂದೇ ಕಿಣ್ವಕ್ಕೆ: ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್. ಒಂದು ಆಮ್ಲಜನಕ ಅಣುವಿಗೆ ನಾಲ್ಕು ಎಲೆಕ್ಟ್ರಾನ್, ನಾಲ್ಕು ಪ್ರೋಟಾನ್ ಕೂಡಿಸಿ ಅದು ಎರಡು ನೀರಿನ ಅಣುಗಳನ್ನು ಮಾಡುತ್ತದೆ. ಆ ಭರದಲ್ಲೇ ಇನ್ನೂ ನಾಲ್ಕು ಪ್ರೋಟಾನ್‌ಗಳನ್ನು ಪೊರೆಯಾಚೆ ತಳ್ಳುತ್ತದೆ. ಈ ಪಂಪ್ ಕೆಲಸವನ್ನು ಹೆಲ್ಸಿಂಕಿಯ ಮಾರ್ಟೆನ್ ವಿಕ್‌ಸ್ಟ್ರಾಮ್ 1977ರಲ್ಲಿ ತೋರಿಸಿಕೊಟ್ಟರು.

ತೊಡಕಿದ್ದುದು ವೇಗದಲ್ಲಿ. ಇಡೀ ಕ್ರಿಯೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಎರಡು ದ್ರಾವಣಗಳನ್ನು ರಭಸದಿಂದ ಬೆರೆಸುವ ಉಪಕರಣಕ್ಕೆ ಬೆರೆಸಲಿಕ್ಕೇ ಸುಮಾರು ಒಂದು ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ನೋಡಬೇಕಾದ್ದೆಲ್ಲ ನಡೆದುಹೋಗಿರುತ್ತದೆ.

ಕ್ವೆಂಟಿನ್ ಗಿಬ್ಸನ್ ಮತ್ತು ಕಾಲಿನ್ ಗ್ರೀನ್‌ವುಡ್ 1963ರಲ್ಲಿ ವಿಷವನ್ನೇ ಬೀಗ ಮಾಡಿಕೊಂಡರು. ಕಾರ್ಬನ್ ಮೊನಾಕ್ಸೈಡ್ ಕಿಣ್ವದ ಹೀಮ್ ಕಬ್ಬಿಣಕ್ಕೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗ ಕೊಡುವುದಿಲ್ಲ. ಬೆಳಕು ಬಿದ್ದರೆ ಕಳಚಿಕೊಳ್ಳುತ್ತದೆ. ಇದು ಒಟ್ಟೊ ವಾರ್‌ಬುರ್ಗ್ ಕಾಲದಿಂದಲೇ ಗೊತ್ತಿದ್ದ ಸಂಗತಿ. ವಿಷ ಅಂಟಿದ ಕಿಣ್ವಕ್ಕೆ ಕತ್ತಲಲ್ಲಿ ಆಮ್ಲಜನಕ ಬೆರೆಸಿ, ತಕ್ಷಣ ಪ್ರಖರವಾದ ಒಂದು ಮಿಂಚುಬೆಳಕು ಹಾಯಿಸಿದರಾಯಿತು. ಕೋಟ್ಯಂತರ ಅಣುಗಳಲ್ಲಿ ಕ್ರಿಯೆ ಒಟ್ಟಿಗೇ ಶುರುವಾಗುತ್ತದೆ, ಗಡಿಯಾರವೂ ಅಲ್ಲಿಂದಲೇ ಓಡುತ್ತದೆ.

ಹೀಗೆ ಸಿಕ್ಕ ಮೊದಲ ಸ್ಥಿತಿ ‘ಎ’: ಸುಮಾರು 10 ಮೈಕ್ರೋಸೆಕೆಂಡಿನಲ್ಲಿ ಆಮ್ಲಜನಕ ಕಬ್ಬಿಣದ ಮೇಲೆ ಕೂತಿರುತ್ತದೆ. ಆಮೇಲಿನವು 607 ನ್ಯಾನೋಮೀಟರಿನ ಬೆಳಕನ್ನು ಹೀರುವ ‘ಪಿ’, 580ರ ಹತ್ತಿರ ಹೀರುವ ‘ಎಫ್’. ಬ್ರಿಟನ್ ಚಾನ್ಸ್ 1975ರಲ್ಲಿ ಬೇರೆ ದಾರಿ ಹಿಡಿದು, ಸೊನ್ನೆಗಿಂತ ಸುಮಾರು 100 ಡಿಗ್ರಿ ಕೆಳಗಿನ ಚಳಿಯಲ್ಲಿ ಕ್ರಿಯೆಯನ್ನೇ ನಿಧಾನಗೊಳಿಸಿದರು.

ಹೆಚ್ಚು ವಾದ ನಡೆದದ್ದು ‘ಪಿ’ ಬಗ್ಗೆ. ಅಲ್ಲಿ ಎರಡು ಆಮ್ಲಜನಕ ಪರಮಾಣುಗಳು ಇನ್ನೂ ಜೋಡಿಯಾಗಿ, ಪೆರಾಕ್ಸೈಡ್ ರೂಪದಲ್ಲಿವೆ ಎಂದೇ ಬಹುಕಾಲ ನಂಬಲಾಗಿತ್ತು. ಭಾರವಾದ ಆಮ್ಲಜನಕ-18 ಬಳಸಿ ರಾಮನ್ ರೋಹಿತ ತೆಗೆದಾಗ ಕಬ್ಬಿಣಕ್ಕೆ ಬೆಸೆದ ಒಂಟಿ ಆಮ್ಲಜನಕದ ಕಂಪನ ಕಂಡಿತು. ಎಂದರೆ ಆ ಬಂಧ ಆಗಲೇ ಮುರಿದಿತ್ತು. ಬಂಧ ಮುರಿಯಲು ಬೇಕಾದ ನಾಲ್ಕು ಎಲೆಕ್ಟ್ರಾನ್‌ಗಳಲ್ಲಿ ಕಬ್ಬಿಣದಿಂದ ಎರಡು, ಪಕ್ಕದ ತಾಮ್ರದಿಂದ ಒಂದು ಬರುತ್ತವೆ. ನಾಲ್ಕನೆಯದನ್ನು, ಹೊರಗಿನಿಂದ ಒದಗದಿದ್ದಾಗ, ಹತ್ತಿರದ ಟೈರೋಸಿನ್ ಎಂಬ ಅಮೈನೋ ಆಮ್ಲ ಕೊಡುತ್ತದೆ ಎನ್ನುವುದು ಈಗ ಬಹುಮಂದಿ ಒಪ್ಪಿದ ವಿವರಣೆ. ಒಂದೇ ಏಟಿಗೆ ಬಂಧ ಮುರಿಯುವುದರಿಂದ ಅಪಾಯಕಾರಿಯಾದ ಅರೆಬರೆ ಉತ್ಪನ್ನಗಳು ಹೊರಗೆ ಸೋರುವುದು ತೀರಾ ಕಡಿಮೆ.

1995ರಲ್ಲಿ ಪ್ಯಾರಾಕಾಕಸ್ ಬ್ಯಾಕ್ಟೀರಿಯಾ ಮತ್ತು ದನದ ಹೃದಯದ ಕಿಣ್ವಗಳ ಹರಳು ರಚನೆಗಳು ಹೊರಬಂದವು. ಆದರೆ ಎಕ್ಸ್-ಕಿರಣ ತಾನೇ ಹರಳಿನಲ್ಲಿ ಎಲೆಕ್ಟ್ರಾನ್ ಬಿಡಿಸಿ, ನೋಡಬೇಕಾದ ಸ್ಥಿತಿಯನ್ನೇ ಕೆಡಿಸುತ್ತದೆ. ಈ ಕಾರಣಕ್ಕೆ ಜಪಾನಿನ ಸಂಶೋಧಕರು ಸಾಕ್ಲಾ ಎಕ್ಸ್-ಕಿರಣ ಲೇಸರಿನತ್ತ ತಿರುಗಿದರು. ಅದರ ಒಂದೊಂದು ಸ್ಪಂದನ ಕೆಲವು ಫೆಮ್ಟೋಸೆಕೆಂಡುಗಳದು, ಹಾನಿ ಹರಡುವ ಮೊದಲೇ ಚಿತ್ರ ದಾಖಲಾಗಿರುತ್ತದೆ.