ಜೀವಕೋಶದಿಂದ ಕರೆಂಟು: ಕೇಳಬೇಕಾದ್ದು ವೋಲ್ಟ್ ಅಲ್ಲ, ವ್ಯಾಟ್

ಬ್ಯಾಕ್ಟೀರಿಯಾದಿಂದ ವಿದ್ಯುತ್, ಗಿಡದ ಕುಂಡದಿಂದ ಮೊಬೈಲ್ ಚಾರ್ಜ್. ಇಂಥ ಸುದ್ದಿ ಆಗಾಗ ಬರ್ತಾನೇ ಇರುತ್ತದೆ. ಎಷ್ಟು ನಂಬಬೇಕು? ಲೆಕ್ಕ ಹಾಕಿ ನೋಡೋಣ.

ನಮ್ಮ ದೇಹದಿಂದಲೇ ಶುರು ಮಾಡೋಣ. ದಿನಕ್ಕೆ 2,000 ಕಿಲೋಕ್ಯಾಲರಿ ಖರ್ಚು ಮಾಡುವ ದೇಹದ ಸರಾಸರಿ ಶಕ್ತಿ ಸುಮಾರು 97 ವ್ಯಾಟ್. ಹಳೇ ನೂರು ಕ್ಯಾಂಡಲ್ ಬಲ್ಬಿನಷ್ಟು. ದೇಹದಲ್ಲಿರುವ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿಗೆ ಹಂಚಿದರೆ ತಲಾ 3 ಪಿಕೋವ್ಯಾಟ್, ಅಂದರೆ ವ್ಯಾಟಿನ ಲಕ್ಷ ಕೋಟಿಯಲ್ಲಿ ಮೂರು ಪಾಲು. ಇದು ಸಣ್ಣದೇನಲ್ಲ: ಕಿಲೋ ತೂಕಕ್ಕೆ ಹೋಲಿಸಿದರೆ ನಾವು ಸೂರ್ಯನಿಗಿಂತ ಸಾವಿರಾರು ಪಟ್ಟು ಹೆಚ್ಚು ಶಕ್ತಿ ಹೊಮ್ಮಿಸುತ್ತೇವೆ!

ಆದರೆ ಅದು ವೈರಿಗೆ ಸಿಗೋದಿಲ್ಲ. ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಆಹಾರದ ಶಕ್ತಿಯನ್ನು ಎಟಿಪಿ ಎಂಬ ರಾಸಾಯನಿಕವಾಗಿಸುತ್ತದೆ. ಹೃದಯ, ಮಿದುಳು, ಸ್ನಾಯು ಎಲ್ಲ ಅದನ್ನೇ ಖರ್ಚು ಮಾಡುತ್ತವೆ. ಕೊನೆಗೆ ಉಳಿಯುವುದು ಬಿಸಿ.

ಹಾಗಾದರೆ ಎಲೆಕ್ಟ್ರಿಕ್ ಈಲ್? ಅಮೆಜಾನಿನ ಈ ಹಾವಿನಂಥ ಮೀನಿನ ದೇಹದಲ್ಲಿ ಸಾವಿರಾರು ವಿಶೇಷ ಕೋಶಗಳು ಟಾರ್ಚಿನ ಸೆಲ್‌ಗಳಂತೆ ಸಾಲಾಗಿವೆ. ಒಂದೊಂದರದ್ದು ವೋಲ್ಟಿನ ಸಣ್ಣ ಭಾಗ. ಒಟ್ಟಾದರೆ 860 ವೋಲ್ಟ್ ತನಕ ಎಂದು 2019ರಲ್ಲಿ ದಾಖಲಾಗಿದೆ. ಆದರೆ ಒಂದು ಹೊಡೆತ ಇರುವುದು ಸುಮಾರು ಎರಡು ಮಿಲಿಸೆಕೆಂಡು. ಒಂದು ಆಂಪಿಯರ್ ಹರಿಯಿತು ಅಂತಲೇ ಇಟ್ಟುಕೊಳ್ಳಿ, ಆಗಲೂ ಸಿಗುವುದು 1.7 ಜೂಲ್. ಅದರಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಸೆಕೆಂಡಿನ ಐದನೇ ಒಂದು ಭಾಗವೂ ಉರಿಯದು.

ಬ್ಯಾಕ್ಟೀರಿಯಾ ಕತೆ ಬೇರೆ. ಸೂಕ್ಷ್ಮಜೀವಿಗಳಿಂದ ವಿದ್ಯುತ್ ಪಡೆಯಬಹುದೆಂದು ಇಂಗ್ಲೆಂಡಿನ ಎಂ. ಸಿ. ಪಾಟರ್ 1911ರಲ್ಲೇ ತೋರಿಸಿದ್ದರು. ಜಿಯೋಬ್ಯಾಕ್ಟರ್‌ನಂಥವು ಎಲೆಕ್ಟ್ರಾನುಗಳನ್ನು ತಮ್ಮ ಮೈಯಾಚೆಯ ಲೋಹಕ್ಕೂ ದಾಟಿಸಬಲ್ಲವು. ಆದರೂ ಒಂದು ಘಟಕದ ವೋಲ್ಟೇಜು ಸಾಮಾನ್ಯವಾಗಿ ಒಂದು ವೋಲ್ಟಿಗೂ ಕಮ್ಮಿ. ಚದರ ಮೀಟರ್ ಎಲೆಕ್ಟ್ರೋಡಿಗೆ ಹೆಚ್ಚೆಂದರೆ ಕೆಲವೇ ವ್ಯಾಟ್. ಅಷ್ಟೇ ಅಗಲದ ಸೋಲಾರ್ ಫಲಕ ಒಳ್ಳೇ ಬಿಸಿಲಲ್ಲಿ ಸುಮಾರು 200 ವ್ಯಾಟ್ ಕೊಡುತ್ತದೆ.

ಹಾಗಂತ ಇದು ದಂಡ ಅಲ್ಲ. ಈ ಬ್ಯಾಕ್ಟೀರಿಯಾಗಳಿಗೆ ಚರಂಡಿ ನೀರಿನ ಕೊಳೆಯೇ ಆಹಾರ. ನೀರು ಶುದ್ಧವಾಗುವುದೇ ಅಸಲು ಲಾಭ, ಕರೆಂಟು ಮೇಲೋಗರ. ಬ್ಯಾಟರಿ ಬದಲಿಸಲಾಗದ ಕಡೆ ಇಡುವ ಪುಟ್ಟ ಸೆನ್ಸರಿಗೂ ಅದು ಸಾಕು. ಊರಿಗೆ ಬೆಳಕು ಕೊಡುತ್ತೆ ಅಂತ ಯಾರಾದರೂ ದುಡ್ಡು ಕೇಳಿದರೆ ಮಾತ್ರ ಮೂರು ಪ್ರಶ್ನೆ ಕೇಳಿ: ಎಷ್ಟು ವ್ಯಾಟ್? ಎಷ್ಟು ಹೊತ್ತು? ಎಷ್ಟು ಜಾಗದಿಂದ?