ಕಲ್ಮನೆ, ಹೊಂಡ ಮತ್ತು ಮಳೆಯ ನೆಪ

ಗಾಲ್ಫ್ ಮೈದಾನದ ರಿಪೇರಿ ಇರಲಿ, ಕೆರೆಯ ಹೂಳೆತ್ತುವುದಿರಲಿ, ಮಣ್ಣಿನ ಕೆಲಸ ಹಿಡಿದ ಯಾವ ಗುತ್ತಿಗೆದಾರನನ್ನು ಕೇಳಿದರೂ ತಡವಾಗಿದ್ದಕ್ಕೆ ಕಾರಣ ಒಂದೇ... ಮಳೆ. ಸಾಫ್ಟ್‌ವೇರ್ ಮಂದಿಗೆ ಇಷ್ಟು ಒಳ್ಳೆಯ ನೆಪ ಸಿಗೋದಿಲ್ಲ ಬಿಡಿ :-) ಆದರೆ ಬಾದಾಮಿಯಲ್ಲಿ ಬೆಟ್ಟ ಕೊರೆದವರು, ಬನಶಂಕರಿಯಲ್ಲಿ ಹೊಂಡ ತೋಡಿದವರು ಮಳೆಯನ್ನು ಲೆಕ್ಕಕ್ಕೆ ಹಿಡಿದದ್ದು ಹೇಗೆ ಅಂತ ಬಹಳ ದಿನದಿಂದ ಯೋಚನೆ ಮಾಡ್ತಾ ಇದ್ದೇನೆ.

ಬಾದಾಮಿಯ ಮೂರನೇ ಗುಹೆಯ ಶಾಸನದಲ್ಲಿ ತಾರೀಖು ಸ್ಪಷ್ಟವಾಗಿದೆ. ಶಕ 500, ಅಂದರೆ ಕ್ರಿ.ಶ. 578, ಕಾರ್ತಿಕ ಹುಣ್ಣಿಮೆ. ಚಾಲುಕ್ಯ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೇ ವರ್ಷ. ಅವನ ತಮ್ಮ ಮಂಗಳೇಶ ಆ ದಿನ ವಿಷ್ಣುವನ್ನು ಪ್ರತಿಷ್ಠಾಪಿಸಿ ಒಂದು ಊರನ್ನೇ ದತ್ತಿ ಬಿಟ್ಟು, ಪುಣ್ಯವನ್ನು ಅಣ್ಣನಿಗೆ ಕೊಟ್ಟ. ಅಲ್ಲೇ ಇರುವ ಚಿಕ್ಕ ಕನ್ನಡ ಶಾಸನ ಈ ಗುಹೆಯನ್ನು 'ಕಲ್ಮನೆ' ಅನ್ನುತ್ತದೆ. ಎಂಥ ಚೆಂದದ ಮಾತು!

ಕಾರ್ತಿಕ ಹುಣ್ಣಿಮೆ ಪುಣ್ಯದಿನ, ಆ ಕಾರಣಕ್ಕೇ ಆರಿಸಿದ್ದಾರೆ, ಸರಿ. ಆದರೆ ಈ ಸೀಮೆಯಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕಾರ್ತಿಕಕ್ಕೆ ಆಕಾಶ ತಿಳಿಯಾಗಿರುತ್ತದೆ, ದಾರಿ ಒಣಗಿರುತ್ತದೆ. ರಿಲೀಸ್ ಡೇಟ್ ಆರಿಸಿದವರು ಪಂಚಾಂಗದ ಜೊತೆಗೆ ಆಕಾಶವನ್ನೂ ನೋಡಿದ್ದರು ಅನ್ನೋದು ನನ್ನ ಊಹೆ. ಇನ್ನು ಗುಹೆಯ ಕೆಲಸಕ್ಕೆ ಒಂದು ಅನುಕೂಲವಿದೆ. ಒಮ್ಮೆ ಒಳಗೆ ಹೊಕ್ಕರೆ ಬೆಟ್ಟವೇ ಸೂರು, ಹೊರಗೆ ಎಷ್ಟೇ ಸುರಿದರೂ ಉಳಿ ನಿಲ್ಲಬೇಕಿಲ್ಲ.

ಅಲ್ಲಿಂದ ಐದು ಕಿಲೋಮೀಟರ್ ದೂರದ ಬನಶಂಕರಿಯ ಹೊಂಡಕ್ಕೆ ಈ ಸೌಲಭ್ಯ ಇರಲಿಲ್ಲ. ಹರಿದ್ರಾ ತೀರ್ಥ ಅಂತ ಇದರ ಹೆಸರು. ಸುಮಾರು 360 ಅಡಿ ಚೌಕ, ಮೂರು ಕಡೆ ಕಲ್ಲಿನ ಮಂಟಪಗಳ ಸಾಲು. ಸುಮ್ಮನೆ ಲೆಕ್ಕ ಹಾಕಿದೆ: ಒಂದಡಿ ನೀರು ನಿಂತರೆ ಹೆಚ್ಚುಕಡಿಮೆ 36 ಲಕ್ಷ ಲೀಟರ್! ಅರ್ಧ ತೋಡಿದ ಹೊಂಡಕ್ಕೆ ಮಳೆ ಬಿದ್ದರೆ ಅಂಚು ಕುಸಿಯುತ್ತದೆ, ನೀರು ಹೊರಹಾಕುವುದೇ ಇನ್ನೊಂದು ಕೆಲಸವಾಗುತ್ತದೆ. ಎರೆ ಮಣ್ಣಿನ ದಾರಿಯಲ್ಲಿ ಕಲ್ಲು ಹೇರಿದ ಬಂಡಿ ಹೂತುಕೊಂಡರೆ ಮುಗಿದೇಹೋಯಿತು. ಗುಡಿಯನ್ನು 1750ರಲ್ಲಿ ಮರಾಠಾ ಸರದಾರ ಪರಶುರಾಮ ಅಗಳೆ ಜೀರ್ಣೋದ್ಧಾರ ಮಾಡಿಸಿದ ಎನ್ನುತ್ತಾರೆ. ಅವನ ಕೆಲಸದವರಿಗೂ ಇದೇ ಆಕಾಶ, ಇದೇ ದಾರಿ.

ತಲೆಯ ಮೇಲಿನ ಮೋಡ ನೋಡಿದರೂ ಸಾಲದು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಘಟ್ಟದಲ್ಲಿ ಸುರಿದರೆ ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಂ ತುಂಬಿ, ನೀರು ಇತ್ತ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳೊಳಗೆ ಹೊಳೆ ನುಗ್ಗಿದ್ದು ಹೀಗೆಯೇ.

ಇಷ್ಟೆಲ್ಲ ಇದ್ದರೂ ಬನಶಂಕರಿಯಲ್ಲಿ ನಿಂತು ಮಳೆಯನ್ನು ಬೈಯುವುದು ಕಷ್ಟ. ಇವಳು ಶಾಕಂಬರಿ. ವರ್ಷಗಟ್ಟಲೆ ಮಳೆಯಿಲ್ಲದೆ ಜನ ಕಂಗೆಟ್ಟಾಗ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಕೊಟ್ಟವಳು ಅಂತ ಕಥೆ. ಬನದ ಹುಣ್ಣಿಮೆಯ ಜಾತ್ರೆಗೆ ಮುಂಚೆ ಪಲ್ಲೇದ ಹಬ್ಬದಲ್ಲಿ 108 ಬಗೆಯ ಪಲ್ಯ ಮಾಡಿ ಎಡೆ ಇಡುತ್ತಾರೆ. ಬರದ ನೆನಪನ್ನೇ ಹಬ್ಬ ಮಾಡಿಕೊಂಡ ಊರು ಇದು. ತೆಪ್ಪ ತೇಲಬೇಕಾದ ಹೊಂಡದಲ್ಲಿ ತಳ ಕಂಡ ವರ್ಷಗಳೂ ಇವೆ. ಹೂಳೆತ್ತಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಆಗ ಯಾವ ಗುತ್ತಿಗೆದಾರನೂ ಮಳೆಯ ನೆಪ ಹೇಳಲಾರ.