ಹಳೆಯ ಕಾರಿನ ಬಣ್ಣದ ಕೈಪಾಲಿಶ್
ಬಿಸಿಲು, ದೂಳಿಗೆ ಮಂಕಾದ ಹಳೆಯ ಕಾರಿನ ಬಣ್ಣವನ್ನು ಯಂತ್ರವಿಲ್ಲದೆ ಉಜ್ಜಿ ಹೊಳಪಿಗೆ ತಂದು, ಮೇಣ ಸವರಿ ಕಾಪಾಡುವ ಕೆಲಸ. ಕಾರಿನ ಬಣ್ಣವಾಗಿ 1920ರ ದಶಕದಲ್ಲಿ ಬಳಕೆಗೆ ಬಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ಗಾಗಲಿ ಹಳೆಯ ಎನಾಮೆಲ್‌ಗಾಗಲಿ ಇಂದಿನ ಕಾರುಗಳಂತೆ ಮೇಲೊಂದು ಪಾರದರ್ಶಕ ಪದರ ಸಾಮಾನ್ಯವಾಗಿ ಇರುವುದಿಲ್ಲ. ಉಜ್ಜಿದರೆ ಬಟ್ಟೆಗೆ ಬಣ್ಣವೇ ಹತ್ತುತ್ತದೆ. ಆದ್ದರಿಂದ ಬಣ್ಣ ಸವೆಸುವ ರಬ್ಬಿಂಗ್ ಕಾಂಪೌಂಡ್ ಲೇಪದ ಬಳಕೆ ಮಿತವಾಗಿರಬೇಕು. ಅಂಚು, ಏಣುಗಳಲ್ಲಿ ಬಣ್ಣ ತೆಳು; ಅಲ್ಲಿ ಯಂತ್ರಕ್ಕಿಂತ ಕೈಯೇ ಮೇಲು. ಮೊದಲು ಚೆನ್ನಾಗಿ ತೊಳೆಯದಿದ್ದರೆ ಉಳಿದ ಮರಳು ಗೀರೆಳೆಯುತ್ತದೆ. ಕೊನೆಗೆ ಬ್ರೆಜಿಲ್‌ನ ತಾಳೆಜಾತಿಯ ಮರದ ಎಲೆಯಿಂದ ದೊರೆಯುವ ಕಾರ್ನೌಬಾ ಮೇಣವನ್ನು ನೆರಳಿನಲ್ಲಿ ತೆಳುವಾಗಿ ಸವರಿ ಒರೆಸುತ್ತಾರೆ. ತುಕ್ಕಿನಿಂದ ಬಣ್ಣ ಉಬ್ಬಿದ ಕಡೆ ಪಾಲಿಶ್‌ನಿಂದ ಪ್ರಯೋಜನವಿಲ್ಲ.